ಹತ್ತು ಹೆಜ್ಜೆ ಮುಂದೆ ನಡೆಯುವ ಗಂಡ

ಕಳೆದ ತಿಂಗಳು ಇಟಲಿಯ ಒಂದು ಬೆಟ್ಟದ ಊರಿನಲ್ಲಿ ನಾನು ಹೆಂಡತಿಯನ್ನು ಕಳೆದುಕೊಂಡೆ. ಗಾಬರಿಯಾಗಬೇಡಿ, ಮುಕ್ಕಾಲು ಗಂಟೆಯ ನಂತರ ಸಿಕ್ಕಳು. ಆದರೆ ಆ ಮುಕ್ಕಾಲು ಗಂಟೆಯಲ್ಲಿ ಆದದ್ದನ್ನು ನಾನಿನ್ನೂ ಅರಗಿಸಿಕೊಳ್ಳುತ್ತಿದ್ದೇನೆ.

ಪ್ರತಿ ವಾರ ಈ ಅಂಕಣ ಓದುವವರಿಗೆ ನಮ್ಮ ಸಂಸಾರದ ವಿಷಯ ಗೊತ್ತೇ ಇದೆ. ಹೊಸಬರಿಗಾಗಿ ಎರಡು ಮಾತು. ನಾನಿರುವುದು ಮೆಲ್ಬರ್ನಿನ ಪಾಯಿಂಟ್ ಕುಕ್‌ನಲ್ಲಿ. ನನ್ನ ಹೆಂಡತಿ ಶೈಲಜಾ ಇರುವುದು ಸಿಡ್ನಿಯ ರೌಸ್ ಹಿಲ್‌ನಲ್ಲಿ. ಜಗಳವಾಡಿಕೊಂಡಲ್ಲ, ಕೆಲಸಕ್ಕಾಗಿ. ಮಗಳು ಯೂನಿವರ್ಸಿಟಿಯ ಹಾಸ್ಟೆಲ್ ಸೇರಿದ ವರ್ಷ ಶೈಲಜಾಗೆ ಸಿಡ್ನಿಯ ಒಂದು ಆಸ್ಪತ್ರೆಯ ಐಟಿ ವಿಭಾಗದಲ್ಲಿ ಎರಡು ವರ್ಷದ ಕಾಂಟ್ರ್ಯಾಕ್ಟ್ ಸಿಕ್ಕಿತು. ಹದಿನೈದು ದಿನಕ್ಕೊಮ್ಮೆ ಶುಕ್ರವಾರ ಸಂಜೆ ಅವಳು ವಿಮಾನ ಹತ್ತಿ ಬರುತ್ತಿದ್ದಳು, ಭಾನುವಾರ ಹೋಗುತ್ತಿದ್ದಳು. ನಾನು ಎಷ್ಟು ಸಲ ಸಿಡ್ನಿಗೆ ಹೋದೆ ಎಂದು ಕೇಳುತ್ತೀರಾ? ಮೂರು ಸಲ. (ಲಾನ್ ಇತ್ತು. ಲಾನಿಗೆ ನೀರು ಹಾಕುವವರು ಯಾರು?)

ಕಾಂಟ್ರ್ಯಾಕ್ಟ್ ಮುಗಿಯುತ್ತಿತ್ತು. ಇಟಲಿಗೆ ಹೊರಡುವ ಹಿಂದಿನ ವಾರ ಅವಳ ಆಫೀಸಿನಿಂದ ಮೇಲ್ ಬಂತು. ಕೆಲಸ ಪರ್ಮನೆಂಟ್ ಮಾಡುತ್ತೇವೆ, ಟೀಮ್ ಲೀಡ್ ಮಾಡುತ್ತೇವೆ, ಮುಂದಿನ ಶುಕ್ರವಾರ ಮುಗಿಯುವುದರೊಳಗೆ ಉತ್ತರ ಕೊಡಿ ಎಂದಿದ್ದರು. ಅವಳು ಫೋನಿನಲ್ಲಿ ಓದಿ ಹೇಳಿದಳು. ನಾನು ಸೂಟ್‌ಕೇಸ್ ತೂಕ ಮಾಡುತ್ತಿದ್ದೆ.

"ಅದ್ರಲ್ಲಿ ಯೋಚ್ನೆ ಮಾಡೋಕೆ ಏನಿದೆ? ಥ್ಯಾಂಕ್ಸ್ ಹೇಳಿ ನೋ ಅಂತ ಬರ್ದು ಮುಗಿಸು. ಇಲ್ಲಿ ಮನೆ ಇದೆಯಲ್ಲ" ಎಂದೆ.

"ಹೂಂ" ಎಂದಳು. ಆ 'ಹೂಂ' ಅನ್ನು ಒಪ್ಪಿಗೆ ಎಂದುಕೊಂಡು ನಾನು ಸೂಟ್‌ಕೇಸಿನ ಜಿಪ್ ಎಳೆದೆ.

ಇನ್ನೊಂದು ಜಾಣತನವನ್ನೂ ಇಲ್ಲಿಯೇ ಒಪ್ಪಿಕೊಂಡುಬಿಡುತ್ತೇನೆ. ಇಟಲಿಗೆ ಇಬ್ಬರಿಗೂ ಸೇರಿ ಒಂದೇ ಸಿಮ್ ತೆಗೆದುಕೊಂಡಿದ್ದೆ. ನನ್ನ ಫೋನಿಗೆ ಸಿಮ್, ಅವಳ ಫೋನಿಗೆ ನನ್ನ ಹಾಟ್‌ಸ್ಪಾಟ್. ನಮ್ಮವರು ಯಾರೇ ಆಗಲಿ ಹೀಗೇ ಮಾಡುತ್ತಾರೆ, ಬೇಕಾದರೆ ನಿಮ್ಮ ಮನೆಯಲ್ಲೇ ವಿಚಾರಿಸಿ. "ಜೊತೇಲೇ ಇರ್ತೀವಲ್ಲ, ಎರಡ್ಯಾಕೆ?" ಎಂದಿದ್ದೆ. "ಜೊತೇಲೇ ಇರ್ತೀವಾ?" ಎಂದು ಕೇಳಿದ್ದಳು. ಆಗ ಅದು ಪ್ರಶ್ನೆ ಎಂದೂ ನನಗೆ ಅನಿಸಿರಲಿಲ್ಲ.

ಆ ಶುಕ್ರವಾರ ನಾವು ಫ್ಲಾರೆನ್ಸ್‌ನಿಂದ ವೋಲ್ಟೆರಾ ಎಂಬ ಊರಿಗೆ ಹೊರಟೆವು. ಒಂದು ಬಸ್ಸು, ನಡುವೆ ಇಳಿದು ಇನ್ನೊಂದು ಬಸ್ಸು. ಎರಡನೆಯ ಬಸ್ಸು ಸುತ್ತಿ ಸುತ್ತಿ ಬೆಟ್ಟ ಹತ್ತಿತು. ಶೈಲಜಾ ಕಿಟಕಿಯ ಪಕ್ಕ ಕೂತು ಏನೋ ಹೇಳುತ್ತಿದ್ದಳು. ನಾನು ಮ್ಯಾಪ್ ನೋಡುತ್ತಿದ್ದೆ. ಆರು ಜಾಗ, ಐದು ಗಂಟೆ. ಚಪಾತಿ, ಚಟ್ನಿಪುಡಿ ತಿನ್ನುವುದಕ್ಕೆ ಇಪ್ಪತ್ತು ನಿಮಿಷ. ಎಲ್ಲವೂ ಎಕ್ಸೆಲ್ ಶೀಟಿನಲ್ಲಿತ್ತು.

ಊರು ಚೆನ್ನಾಗಿದೆ. ಬೆಟ್ಟದ ನೆತ್ತಿಯ ಮೇಲೆ ಸುತ್ತಲೂ ಕಲ್ಲಿನ ಗೋಡೆ, ಒಳಗೆಲ್ಲ ಕಲ್ಲಿನ ಮನೆ. ಓಣಿಗಳು ಎಷ್ಟು ಇಕ್ಕಟ್ಟೆಂದರೆ ಎದುರುಬದುರು ಮನೆಯವರು ಕಿಟಕಿಯಿಂದಲೇ ಸಕ್ಕರೆ ಸಾಲ ಕೊಡಬಹುದು. ಅಲ್ಲಿ ಅಲಬಾಸ್ಟರ್ ಎಂಬ ಬಿಳಿ ಕಲ್ಲು ಸಿಗುತ್ತದೆ. ಅದನ್ನು ಕೆತ್ತುವ ಚಿಕ್ಕ ಚಿಕ್ಕ ಕಾರ್ಖಾನೆಗಳು ಓಣಿಯ ಎರಡೂ ಕಡೆ ಇವೆ. ಒಳಗಿರುವವರ ಹುಬ್ಬಿನವರೆಗೂ ಬಿಳಿ ಧೂಳು.

ಮಧ್ಯಾಹ್ನ ಒಂದು ಗಂಟೆಗೆ ಲಿಸ್ಟಿನ ಮೂರನೆಯ ಜಾಗ, ಊರಿನ ಹಳೆಯ ಹೆಬ್ಬಾಗಿಲು. ಕಡಿದಾದ ಓಣಿಯಲ್ಲಿ ಇಳಿದು ಹೋಗಬೇಕು. ಇಳಿದೆ. ಎರಡು ಸಾವಿರ ವರ್ಷಕ್ಕಿಂತ ಹಳೆಯ ಕಮಾನು, ಅದರ ಮೇಲೆ ಮೂರು ಕಲ್ಲಿನ ತಲೆಗಳು. ಗಾಳಿ ಮಳೆಗೆ ಕಣ್ಣು ಮೂಗು ಎಲ್ಲ ಸವೆದು ಹೋಗಿವೆ. ನಾನು ಫೋನ್ ನೋಡಿಕೊಂಡು ಇತಿಹಾಸ ಹೇಳಲು ಶುರುಮಾಡಿದೆ. ಚೆನ್ನಾಗಿಯೇ ಹೇಳಿದೆ. ನಡುವೆ ಒಂದು ಜೋಕು ಕೂಡ ಹೇಳಿದೆ. ನಗು ಕೇಳಿಸಲಿಲ್ಲವಲ್ಲ ಎಂದು ತಿರುಗಿ ನೋಡಿದರೆ, ನಾಯಿ ಹಿಡಿದುಕೊಂಡ ಒಬ್ಬ ಮುದುಕ ಬಹಳ ಮರ್ಯಾದೆಯಿಂದ ನನ್ನ ಕನ್ನಡ ಕೇಳುತ್ತ ನಿಂತಿದ್ದ.

ಶೈಲಜಾ ಇರಲಿಲ್ಲ.

ಐದು ನಿಮಿಷ ಕಾದೆ. ಹತ್ತು ನಿಮಿಷ ಕಾದೆ. ಫೋನ್ ಮಾಡೋಣವೆಂದರೆ ಅವಳ ಹತ್ತಿರ ಸಿಮ್ ಎಲ್ಲಿದೆ? ಏದುಸಿರು ಬಿಡುತ್ತ ಓಣಿ ಹತ್ತಿದೆ. ಚೌಕದಲ್ಲಿ ಇಲ್ಲ, ಚರ್ಚಿನಲ್ಲಿ ಇಲ್ಲ. ಒಂದು ಕಾಫಿ ಅಂಗಡಿಯ ಹೆಂಗಸನ್ನು ಕೇಳಿದೆ. "ಫೋಟೋ?" ಎಂದಳು. ನಾಲ್ಕು ದಿನದ ಫೋಟೋಗಳನ್ನೆಲ್ಲ ಸರಿಸಿದೆ. ಚರ್ಚು, ಸೇತುವೆ, ಐಸ್‌ಕ್ರೀಮು, ನಾನು. ಶೈಲಜಾಳ ಒಂದೇ ಒಂದು ಫೋಟೋ ಇಲ್ಲ. ಯಾಕೆಂದರೆ ಫೋಟೋ ತೆಗೆಯುವಾಗ ಅವಳು ಯಾವಾಗಲೂ ನನ್ನ ಹಿಂದೆ ಇರುತ್ತಿದ್ದಳು. "ಜಾಕೆಟ್, ಕಲರ್?" ಎಂದು ಅಂಗಡಿಯವಳು ಕೇಳಿದಳು. ಬೆಳಗ್ಗೆಯಿಂದ ಜೊತೆಯಲ್ಲಿದ್ದೇನೆ, ಬಣ್ಣ ನೆನಪಿಗೆ ಬರಲಿಲ್ಲ. ಆ ಹೆಂಗಸು ನನ್ನನ್ನು ನೋಡಿದ ರೀತಿಗೆ ನಾಚಿಕೆಯಾಯಿತು.

ಶೈಲಜಾ ಎಲ್ಲಿಂದಾದರೂ ಮೆಸೇಜ್ ಮಾಡಿರಬಹುದೆಂದು ಕೊನೆಗೆ ಮಗಳಿಗೆ ಫೋನ್ ಮಾಡಿದೆ. ಅವಳು ಹಾಸ್ಟೆಲಿನಲ್ಲಿ ರಾತ್ರಿಯ ಊಟ ಮುಗಿಸಿ ಕೂತಿದ್ದಳು.

"ಅಮ್ಮ ಕಾಣಿಸ್ತಿಲ್ಲ ಪುಟ್ಟಿ. ನಿಂಗೇನಾದ್ರೂ ಮೆಸೇಜ್ ಬಂತಾ?"

"ನೋ. ಡ್ಯಾಡ್, ವರ್ ಯು ವಾಕಿಂಗ್ ಅಹೆಡ್ ಅಗೇನ್?"

ಆ 'ಅಗೇನ್' ನೆಟ್ಟಗೆ ಬಂದು ನಾಟಿತು. ಹೌದು, ನಾನು ಮುಂದೆ ನಡೆಯುತ್ತೇನೆ. ನನ್ನ ಅಪ್ಪನೂ ನಡೆಯುತ್ತಿದ್ದ. ಮೈಸೂರಿನ ಸಯ್ಯಾಜಿರಾವ್ ರಸ್ತೆಯಲ್ಲಿ ಅಪ್ಪ ಮುಂದೆ, ಅಮ್ಮ ಕೈಚೀಲ ಹಿಡಿದುಕೊಂಡು ಹತ್ತು ಹೆಜ್ಜೆ ಹಿಂದೆ. ಅಮ್ಮ ಏನಾದರೂ ಹೇಳಬೇಕಾದರೆ "ರೀ" ಎಂದು ಕೂಗುತ್ತಿದ್ದಳು. ಗಂಡನ ಹೆಸರು ಹೇಳುವಂತಿಲ್ಲವಲ್ಲ. ಆ ಕೂಗಿಗೆ ರಸ್ತೆಯಲ್ಲಿದ್ದ ನಾಲ್ಕು ಜನ ಗಂಡಸರು ತಿರುಗಿ ನೋಡುತ್ತಿದ್ದರು, ಅಪ್ಪನೊಬ್ಬನನ್ನು ಬಿಟ್ಟು. ನಾವು ಮಕ್ಕಳು ಅದನ್ನು ನೋಡಿ ನಗುತ್ತಿದ್ದೆವು. ಅಮ್ಮ ನಕ್ಕಿದ್ದು ನೆನಪಿಲ್ಲ.

ಭಯ ಶುರುವಾಯಿತು. ಎಲ್ಲಾದರೂ ಕಾಲು ಜಾರಿ ಬಿದ್ದಳಾ? ಅದರ ಹಿಂದೆಯೇ ಇನ್ನೊಂದು ಯೋಚನೆ ಬಂತು. ಇವತ್ತು ಶುಕ್ರವಾರ. ಸಿಡ್ನಿಯಲ್ಲಿ ಶುಕ್ರವಾರ ಮುಗಿಯುವುದೆಂದರೆ ಇಲ್ಲಿ ಮಧ್ಯಾಹ್ನ ನಾಲ್ಕು ಗಂಟೆ. ಆ ಮೇಲಿಗೆ ಅವಳು ಉತ್ತರ ಬರೆದಳಾ? ಬರೆದಿದ್ದರೆ ಏನು ಬರೆದಳು? ನಾಲ್ಕು ದಿನದಿಂದ ಜೊತೆಯಲ್ಲಿ ತಿಂದು, ಜೊತೆಯಲ್ಲಿ ಮಲಗಿ, ನಾನು ಇದನ್ನು ಒಂದು ಸಲವೂ ಕೇಳಿರಲಿಲ್ಲ.

ಸಿಕ್ಕಿದ್ದು ಅದೇ ಓಣಿಯಲ್ಲಿ. ನಾನು ಎರಡು ಸಲ ದಾಟಿ ಹೋಗಿದ್ದ ಒಂದು ಅಲಬಾಸ್ಟರ್ ಕಾರ್ಖಾನೆಯ ಒಳಗೆ, ಮರದ ಸ್ಟೂಲಿನ ಮೇಲೆ ಕೂತಿದ್ದಳು. ಪಕ್ಕದಲ್ಲಿ ಬಿಳಿ ಧೂಳು ಮೆತ್ತಿಕೊಂಡ ಒಬ್ಬ ಅಜ್ಜಿ ಕಲ್ಲು ಉಜ್ಜುತ್ತಿದ್ದಳು. ಇಬ್ಬರ ನಡುವೆ ನಮ್ಮ ಚಟ್ನಿಪುಡಿಯ ಡಬ್ಬಿ ತೆರೆದಿತ್ತು. (ಜಾಕೆಟ್ ಹಸಿರು ಬಣ್ಣದ್ದು. ಇನ್ನು ಮರೆಯುವುದಿಲ್ಲ.)

ಸಿಕ್ಕಳಲ್ಲ ಎಂಬ ಸಮಾಧಾನ ನನ್ನ ಬಾಯಲ್ಲಿ ಸಿಟ್ಟಾಗಿ ಹೊರಬಂತು. "ಎಲ್ಲಿ ಹೋಗಿದ್ದೆ? ಊರೆಲ್ಲ ಹುಡುಕ್ದೆ!"

"ನಾನೆಲ್ಲೂ ಹೋಗಿಲ್ಲ. ಇಲ್ಲೇ ಕಲ್ಲು ನೋಡ್ತಾ ನಿಂತ್ಕೊಂಡೆ. ಎರಡ್ ಸಲ 'ರೀ' ಅಂತ ಕರ್ದೆ. ನೀವು ಹೋಗ್ತಾನೇ ಇದ್ರಿ."

ಆ ಇಡೀ ಊರಿನಲ್ಲಿ 'ರೀ' ಎಂದರೆ ತಿರುಗಿ ನೋಡಬೇಕಾದವನು ನಾನೊಬ್ಬನೇ.

"ಹಿಂದೇನೇ ಬರೋದಲ್ವಾ?"

"ಸಾಕಾಯ್ತು ಕಣ್ರೀ" ಎಂದಳು. ಜಗಳದ ದನಿಯಲ್ಲಿ ಅಲ್ಲ, ಕಾಲು ನೋಯುತ್ತಿದೆ ಎನ್ನುವಷ್ಟು ಸಹಜವಾಗಿ. "ಇವ್ರು ಕೂತ್ಕೋ ಅಂದ್ರು, ಕೂತ್ಕೊಂಡೆ. ಅವ್ರ ವೈಫೈ ಕೊಟ್ರು. ಆಫೀಸಿಗೆ ಮೇಲ್ ಕಳಿಸ್ದೆ."

"ಏನಂತ?"

"ಯೆಸ್ ಅಂತ."

ಅಜ್ಜಿ ಉಜ್ಜುವುದನ್ನು ನಿಲ್ಲಿಸಿ ನಮ್ಮಿಬ್ಬರ ಮುಖ ನೋಡಿದಳು. ಭಾಷೆ ಗೊತ್ತಿಲ್ಲದಿದ್ದರೂ ವಿಷಯ ಅರ್ಥವಾದಂತಿತ್ತು. ಇನ್ನೊಂದು ಸ್ಟೂಲ್ ಎಳೆದು ನನ್ನತ್ತ ತಳ್ಳಿದಳು. ಕೂತೆ.

"ನನ್ನನ್ನ ಒಂದ್ ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ?"

"ಬೆಳಿಗ್ಗೆ ಬಸ್ಸಲ್ಲಿ ಕೇಳಿದ್ನಲ್ಲ. ಒಪ್ಕೋಬೇಕು ಅನ್ಸುತ್ತೆ, ನೀವೇನಂತೀರಾ ಅಂದೆ. ನೀವು 'ಹೂಂ ಹೂಂ' ಅಂದ್ರಿ."

ಸಿಟ್ಟು ಬಂತು. ಸಿಟ್ಟು ಮಾಡಿಕೊಳ್ಳಲು ಕಾರಣ ಹುಡುಕಿದೆ, ಸಿಗಲಿಲ್ಲ. ಎರಡು ವರ್ಷ ವಿಮಾನ ಹತ್ತಿ ಇಳಿದವಳು ಅವಳು. ಮಳೆಗಾಲದ ಶುಕ್ರವಾರ ವಿಮಾನ ತಡವಾದರೆ ಏರ್‌ಪೋರ್ಟಿನಲ್ಲಿ ಕೂತು ಬ್ರೆಡ್ ತಿಂದವಳು ಅವಳು. ಆದರೂ ನನ್ನ ಮನಸ್ಸಿನಲ್ಲಿ ಅವಳು ಸಿಡ್ನಿಗೆ 'ಹೋಗಿದ್ದಾಳೆ', ಇವತ್ತಲ್ಲ ನಾಳೆ 'ವಾಪಸ್ ಬರುತ್ತಾಳೆ'. ಅವಳು ಅಲ್ಲಿ ಬದುಕುತ್ತಿದ್ದಾಳೆ ಎಂದು ನನಗೆ ಹೊಳೆದೇ ಇರಲಿಲ್ಲ.

ನಮ್ಮಲ್ಲಿ ಇಂಥ ಜೋಡಿಗಳು ಈಗ ಬೇಕಾದಷ್ಟಿವೆ. ಒಬ್ಬರು ಮೆಲ್ಬರ್ನ್, ಒಬ್ಬರು ಸಿಡ್ನಿ. ಪಾರ್ಟಿಯಲ್ಲಿ ನಾವು ಹೆಂಗಸರನ್ನು "ಯಾವಾಗ ವಾಪಸ್ ಬರ್ತೀರಾ?" ಎಂದು ಕೇಳುತ್ತೇವೆ. ಯಾವ ಗಂಡಸನ್ನಾದರೂ "ನೀವು ಯಾವಾಗ ಅಲ್ಲಿಗೆ ಹೋಗ್ತೀರಾ?" ಎಂದು ಕೇಳಿದ್ದು ನೆನಪಿದೆಯೇ? ನನ್ನನ್ನು ಯಾರೂ ಕೇಳಿಲ್ಲ. ಎಲ್ಲರೂ ಲಾನ್ ಹೇಗಿದೆ ಎಂದು ಮಾತ್ರ ಕೇಳಿದ್ದಾರೆ.

ಲಿಸ್ಟಿನ ಉಳಿದ ಮೂರು ಜಾಗಗಳನ್ನು ನಾವು ನೋಡಲಿಲ್ಲ. ಆ ಅಜ್ಜಿಯ ಅಂಗಡಿಯಲ್ಲಿ ಇನ್ನೂ ಬಹಳ ಹೊತ್ತು ಕೂತೆವು. ಚಟ್ನಿಪುಡಿಗೆ ಅಜ್ಜಿಯ ಕಣ್ಣಲ್ಲಿ ನೀರು ಬಂತು, ಆದರೂ ಡಬ್ಬಿ ಖಾಲಿ ಮಾಡಿದಳು.

ಸಂಜೆ ಬಸ್ಸಿನ ಕಡೆ ನಡೆದಾಗ ಊರಿನವರೆಲ್ಲ ತಿರುಗಾಡಲು ಹೊರಬಂದಿದ್ದರು. ವಯಸ್ಸಾದ ಗಂಡ ಹೆಂಡಿರು ಒಬ್ಬರ ತೋಳು ಒಬ್ಬರು ಹಿಡಿದುಕೊಂಡು ಆ ಇಳಿಜಾರಿನಲ್ಲಿ ನಿಧಾನವಾಗಿ ಇಳಿಯುತ್ತಿದ್ದರು. ಪ್ರೀತಿಯೋ, ಜಾರುವ ಭಯವೋ, ಗೊತ್ತಿಲ್ಲ. ನಾನೂ ಶೈಲಜಾಳ ಪಕ್ಕದಲ್ಲೇ ನಡೆದೆ. ಕಷ್ಟವಾಯಿತು, ನಿಜ ಹೇಳುತ್ತೇನೆ. ನಾಲ್ಕು ಹೆಜ್ಜೆಗೊಮ್ಮೆ ಕಾಲು ತಾನಾಗಿಯೇ ಮುಂದೆ ಓಡುತ್ತಿತ್ತು, ಮತ್ತೆ ನಿಧಾನ ಮಾಡುತ್ತಿದ್ದೆ.

ಬಸ್ ಸ್ಟಾಪಿನಲ್ಲಿ ನಿಂತು ಸಾಲು ಸಾಲು ಬೆಟ್ಟ ನೋಡುತ್ತಿದ್ದಾಗ ನನ್ನೊಳಗೆ ಏನೋ ದೊಡ್ಡದು ತೀರ್ಮಾನವಾಯಿತು.

"ಶೈಲಾ, ನಾನು ಡಿಸೈಡ್ ಮಾಡಿದೀನಿ. ಪಾಯಿಂಟ್ ಕುಕ್ ಮನೆ ರೆಂಟ್‌ಗೆ ಕೊಟ್ಟು ನಾನೇ ಸಿಡ್ನಿಗೆ ಬಂದ್ಬಿಡ್ತೀನಿ. ನಿನ್ನ ಒಂದು ರೂಮಿನ ಮನೆ ಸಾಲಲ್ಲ, ದೊಡ್ಡದು ನೋಡೋಣ. ಡಿಸೆಂಬರ್ ಒಳಗೆ ಶಿಫ್ಟ್!"

ಇಷ್ಟು ವರ್ಷದಲ್ಲಿ ನಾನು ಆಡಿದ ಅತ್ಯಂತ ಉದಾರವಾದ ಮಾತು ಅದು. ಅವಳ ಕಣ್ಣು ತುಂಬುವುದನ್ನು ಕಾಯುತ್ತ ನಿಂತೆ.

ಶೈಲಜಾ ಬೆಟ್ಟದಿಂದ ಕಣ್ಣು ತೆಗೆದು, ನನ್ನನ್ನು ನಿಧಾನವಾಗಿ ನೋಡಿ ಕೇಳಿದಳು: "ಅದನ್ನೂ ನೀವೇ ಡಿಸೈಡ್ ಮಾಡ್ಬಿಟ್ರಾ?"