ಚಂದವ್ವನ ಮುಸುರಿ ಬಕೆಟ್

ನನ್ನ ಅಕ್ಷರ ಸೊಟ್ಟ, ಮಾತೂ ಸಾಲುವುದಿಲ್ಲ. ಶಾಲೆ ಅರ್ಧಕ್ಕೆ ಬಿಟ್ಟವಳು ಬರೆದದ್ದು, ತಪ್ಪಿದ್ದರೆ ಕ್ಷಮಿಸಿ ಓದಿ. ಇದು ನಮ್ಮ ಓಣಿಯ ಚಂದವ್ವನ ಕಥೆ.

ನಮ್ಮೂರು ಅಗರಖೇಡದಲ್ಲಿ ಚಂದವ್ವನ ಎಮ್ಮೆ ಬೆಳೆದದ್ದೇ ಓಣಿಯ ಮುಸುರಿಯಿಂದ. ರೊಟ್ಟಿ ಚೂರು, ಬದನೆಕಾಯಿ ತೊಟ್ಟು, ಅನ್ನ ಬಸಿದ ಗಂಜಿ ಎಲ್ಲವನ್ನೂ ಮನೆಯವರು ಅವಳಿಗೆಂದು ಕೂಡಿಸಿ ಇಡುತ್ತಿದ್ದರು. ಬಕೆಟ್ ಹಿಡಿದು ಹೋದರೆ ಒಂದಿಷ್ಟು ಮಾತು, ಒಂದು ಕಪ್ ಚಹಾ. ಬದಲಿಗೆ ಅವಳು ಮಜ್ಜಿಗೆ ಮುಟ್ಟಿಸುತ್ತಿದ್ದಳು. ಗಂಡ ತೀರಿದ ಮೇಲೆ ಅವಳಿಗೆ ಉಳಿದ ಬಳಗವೆಂದರೆ ಆ ಬಾಗಿಲುಗಳೇ.

ಆಮೇಲೆ ಪಂಚಾಯಿತಿಯ ಕಸದ ಗಾಡಿ ಬಂತು. ಓಡಿಸುವವಳು ಖಾಕಿ ಅಂಗಿಯ ರೇಣುಕಾ, ಚಂದವ್ವನಿಗೆ ಮಗಳಾಗುವ ವಯಸ್ಸಿನವಳು. ಹಸಿ ಕಸ ಹಸಿರು ಡಬ್ಬಿಗೆ, ಒಣ ಕಸ ನೀಲಿ ಡಬ್ಬಿಗೆ ಎಂದು ಮನೆಮನೆಗೆ ಹೇಳಿಕೊಟ್ಟಳು. ಮುಸುರಿಯೂ ಹಸಿರು ಡಬ್ಬಿ ಸೇರಿತು, ಚಹಾದ ಕಪ್ಪೂ ಗಾಡಿಯ ಕಡೆ ತಿರುಗಿತು. ಅದನ್ನು ಕಂಡ ದಿನವೇ ಚಂದವ್ವ ಆ ಬಾಗಿಲುಗಳಿಗೆ ಹೋಗುವುದನ್ನು ಬಿಟ್ಟಳು.

“ಖಾಕಿ ಅಂಗಿ ಹಾಕ್ಕೊಂಡ ಮುಟ್ಟಿದ್ರ ಕಸಾನೂ ಅತ್ತರ ಆಗತೈತೇನು?” ಎಂದು ಕಟ್ಟೆಯ ಮೇಲೆ ಕೂತು ಗೊಣಗುವಳು. ರೇಣುಕಾ ಸಂದಿಯಲ್ಲಿ ಗಾಡಿ ತಿರುಗಿಸುವುದನ್ನು ನೋಡಿದರೂ ಅವಳ ಹೊಟ್ಟೆ ಉರಿಯುತ್ತಿತ್ತು. ಇತ್ತ ಎಮ್ಮೆಯ ಹಾಲು ಇಳಿಯುತ್ತ ಬಂತು.

ಒಂದು ಬೆಳಿಗ್ಗೆ ಗಾಡಿಗಿಂತ ಮೊದಲೇ ಹೋಗಿ, ಅದೇ ಓಣಿಯ ಸಿದ್ದೀಕಾಳ ಬಾಗಿಲಲ್ಲಿದ್ದ ಹಸಿರು ಡಬ್ಬಿಯನ್ನು ಕೇಳದೆ ಎತ್ತಿ ತಂದಳು. ಅವಸರದಲ್ಲಿ ನೋಡದೆ ಎಮ್ಮೆ ತಿನ್ನುವ ಕಲ್ಲಿನ ಬಾನಿಗೆ ಸುರಿದಳು. ಡಬ್ಬಿ ಹೊಲಸಾಗಬಾರದೆಂದು ಸಿದ್ದೀಕಾ ಮುಸುರಿಯನ್ನೆಲ್ಲ ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿದ್ದಳು. ಎಮ್ಮೆ ಚೀಲ ಸಮೇತ ಬಾಯಿಗೆ ಹಾಕಿಕೊಂಡಿತು. ಡಬ್ಬಿ ಹುಡುಕುತ್ತ ಸಿದ್ದೀಕಾಳ ಜೊತೆ ಬಂದ ರೇಣುಕಾ ಅದನ್ನು ಕಂಡು ಓಡಿ, ದವಡೆ ಅಗಲಿಸಿ ಚೀಲವನ್ನು ಎಳೆದು ತೆಗೆದಳು.

“ದಿನಾ ಹಿಂಗ ಗಂಟ ಬಿಚ್ಚೂದ ನನ್ನ ಕೆಲಸ ಆಗೇತಿ, ಯವ್ವಾ,” ಎಂದಳು ರೇಣುಕಾ. “ನಾಳಿಂದ ಚೀಲ ತಗದು, ಮುಸುರಿ ನಾನ ತಂದ ಕೊಡ್ತೇನಿ.”

“ನಿನ್ನ ಕೈಲೆ ಬ್ಯಾಡ,” ಎಂದಳು ಚಂದವ್ವ.

ಸಿದ್ದೀಕಾ ಸೆರಗಿನಲ್ಲಿ ನಗು ಮುಚ್ಚಿದಳು. “ಹಂಗಾರ ನಮ್ಮ ಕೈಲೆ ತಗೋ ಬಾ. ನೀ ಬರೂದು ಬಿಟ್ಟಿ, ಎಮ್ಮಿ ಮಾರೀದಿ ಅಂತ ತಿಳಕೊಂಡಿದ್ವಿ.”

ಚಂದವ್ವ ಎಮ್ಮೆಯ ಕೊರಳು ಸವರುತ್ತ ನಿಂತಳು. ರೇಣುಕಾಳನ್ನು ಕಂಡರೆ ಅವಳಿಗೆ ಇನ್ನೂ ಉರಿಯೇ. ಆದರೂ ಮರುದಿನ ಬೆಳಿಗ್ಗೆ ಗಾಡಿ ಬರುವ ಮೊದಲು ಚಂದವ್ವ ತನ್ನ ಬಕೆಟ್ ಹಿಡಿದು ಮನೆಮನೆಗೆ ಹೋದಳು, ಮುಸುರಿಯನ್ನು ಚೀಲದಲ್ಲಿ ಕಟ್ಟದೆ ಇಡಿ ಎಂದು ಬಾಯಿಬಿಟ್ಟು ಕೇಳಿದಳು.