ತುಂಡಿಲ್ಲದ ಹಸಿರು ಗೆರೆ

ನನ್ನ ತಂಗಿಯನ್ನು ಮನೆಯಲ್ಲಿ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಸಿಡುಕಿ ಎಂದೇ ಕರೆಯುವುದು. ಲೋಟದ ಅಂಚಿನಲ್ಲಿ ಬೆರಳಿನ ಗುರುತು ಕಂಡರೆ ಮೂಗು ಮುರಿದು ಕೆಳಗಿಡುವವಳು. ಸುಳ್ಳು ಕೇಳಿದಾಗಲೂ ಅದೇ ಮುಖ. ಮದುವೆ ಬೇಡವೆಂದಳು, ನಮ್ಮ ಜೊತೆಗೇ ಉಳಿದಳು. ಇಂಥವಳಿಗೆ ಹೋಗಿ ಹೋಗಿ ನಗರಾಡಳಿತದ ನಕ್ಷೆ ವಿಭಾಗದಲ್ಲಿ ಕೆಲಸ ಸಿಗಬೇಕೇ!

ಊರಿನ ಕಾಲುದಾರಿ, ಸೈಕಲ್ ದಾರಿಗಳ ಮಾಹಿತಿಯನ್ನೆಲ್ಲ ಒಂದೇ ಮಾದರಿಗೆ ತಂದು ನಕ್ಷೆ ಮಾಡುವುದು ಅವಳ ಕೆಲಸ. ಅಲ್ಲಿಯವರೆಗೆ ಒಬ್ಬೊಬ್ಬರದು ಒಂದೊಂದು ರಾಗ. ಚರಂಡಿಯವರಿಗೆ ಚಪ್ಪಡಿ ಮುಚ್ಚಿದ ಚರಂಡಿಯೆಲ್ಲ ಕಾಲುದಾರಿ. ರಸ್ತೆಯವರಿಗೆ ಅಂಚಿಗೆ ಕಲ್ಲು ಕಟ್ಟಿದ್ದರೆ ಮಾತ್ರ ಕಾಲುದಾರಿ. ಸಂಚಾರ ವಿಭಾಗದವರಂತೂ ಹಸಿರು ಬಣ್ಣ ಮಂಜೂರಾದಲ್ಲೆಲ್ಲ ಸೈಕಲ್ ದಾರಿ ಇದೆ ಎಂದು ಬರೆದಿಟ್ಟಿದ್ದರು. ಆ ಬಣ್ಣವನ್ನು ಬಳಿದರೋ ಕುಡಿದರೋ ದೇವರೇ ಬಲ್ಲ.

ಹಾಗಾಗಿ ಎಲ್ಲವನ್ನೂ ಹೊಸದಾಗಿ ಅಳೆಯಬೇಕಾಯಿತು. ಅಳೆಯುವವರು ಊರನ್ನು ಹಂಚಿಕೊಂಡರು. ತನ್ನ ಪಾಲಿನ ಬೀದಿಗಳನ್ನು ಸಿಡುಕಿ ಸೈಕಲ್ ಮೇಲೆ ಸುತ್ತಿದಳು. ಉಚ್ಚೆಯ ನಾತ, ಒಡೆದ ಬಾಟಲಿ, ಸತ್ತ ಇಲಿ, ಕಾಲುದಾರಿಯ ಮೇಲೇ ಕಾರು ನಿಲ್ಲಿಸಿ ಅವಳನ್ನೇ ದಬಾಯಿಸುವ ದೊಡ್ಡ ಮನುಷ್ಯರು. ಸಂಜೆ ಬಂದವಳು ಮೊದಲು ಚಪ್ಪಲಿ ತೊಳೆಯುತ್ತಿದ್ದಳು, ಆಮೇಲೆ ಎಲ್ಲರನ್ನೂ ಬೈಯುತ್ತಿದ್ದಳು. ಆದರೆ ನಕ್ಷೆ ಮಾತ್ರ ನೆಟ್ಟಗಿತ್ತು. ದಾರಿಯ ಅಗಲ ಎಷ್ಟು, ಮಧ್ಯೆ ಕಂಬವಿದೆಯೇ, ಎಲ್ಲಿ ತುಂಡಾಗಿದೆ, ಎಲ್ಲ ಬೀದಿಗೂ ಒಂದೇ ಮಾತು, ಒಂದೇ ಅಳತೆ.

ಈ ನಕ್ಷೆಗೆ ಎಲ್ಲರಿಗಿಂತ ಹೆಚ್ಚು ಕಾದವರು ನನ್ನ ಯಜಮಾನರು. ಅವರಿಗೆ ಹುಟ್ಟಿನಿಂದ ಕಣ್ಣು ಕಾಣಿಸುವುದಿಲ್ಲ. ವಿಮಾ ಕಂಪನಿಯೊಂದರಲ್ಲಿ ಫೋನ್ ಕರೆಗಳಿಗೆ ಉತ್ತರಿಸುವ ಕೆಲಸ. ಕಚೇರಿಗೆ ಒಬ್ಬರೇ ಹೋಗಿ ಬರುತ್ತಾರೆ; ಆ ದಾರಿ ಅವರ ಕಾಲಿಗೆ ಬಾಯಿಪಾಠ. ಬೇರೆ ಎಲ್ಲಿಗೆ ಹೋಗುವುದಿದ್ದರೂ ನನ್ನ ಮೊಣಕೈ ಬೇಕು, ನನ್ನ ಹೊಲಿಗೆ ಅಂಗಡಿಗೆ ಬೀಗ ಬೀಳಬೇಕು. ನಕ್ಷೆ ಸಿದ್ಧವಾದರೆ ಫೋನು ಅದನ್ನು ನೋಡಿ ದಾರಿ ಹೇಳುತ್ತದೆ ಎಂದು ಸಿಡುಕಿಯೇ ಆಸೆ ಹುಟ್ಟಿಸಿದ್ದಳು.

“ಯಾರೂ ಮೊದಲೇ ಹೋಗಿ ನೋಡ್ಕೊಂಡು ಬರದೇ ಇರೋ ದಾರೀಲಿ ಒಂದ್ಸಲ ನಡೀಬೇಕು ಕಣೆ,” ಎನ್ನುತ್ತಿದ್ದರು ನನ್ನ ಹತ್ತಿರ. ಊರಿನ ಆ ತುದಿಗೆ ಮನೆ ಬದಲಿಸಿದ್ದ ಶಾಲೆಯ ಗೆಳೆಯನಿಗೆ, ರಜೆಯ ದಿನ ಒಬ್ಬನೇ ಬರುತ್ತೇನೆಂದು ಮಾತೂ ಕೊಟ್ಟಿದ್ದರು.

ಬಿಡುಗಡೆಗೆ ಮುಂಚೆ ಸಿಡುಕಿಯ ಮೇಲಧಿಕಾರಿ ನಕ್ಷೆಯನ್ನು ಗೋಡೆಯ ಮೇಲೆ ದೊಡ್ಡದಾಗಿ ಹಾಕಿಸಿ ನೋಡಿದ.

“ಏನಮ್ಮಾ ಇದು, ಎಲ್ಲಿ ನೋಡಿದ್ರೂ ತುಂಡು ತುಂಡು! ಅಸಹ್ಯವಾಗಿದೆ.”

“ದಾರಿ ಇರೋದೇ ಹಾಗೆ ಸಾರ್.”

“ಸಣ್ಣ ಸಣ್ಣ ತುಂಡೆಲ್ಲ ಗೆರೆ ಎಳೆಯೋವಾಗ ಆದ ತಪ್ಪು ಅಂತ ಇಟ್ಕೊ. ಇಪ್ಪತ್ತು ಮೀಟರಿನ ಒಳಗಿರೋದನ್ನ ಕಂಪ್ಯೂಟರೇ ಸೇರಿಸಿಬಿಡುತ್ತೆ.”

ತಿಪ್ಪೆ ಸಾರಿಸುವುದಕ್ಕೂ ಈಗ ಕಂಪ್ಯೂಟರ್ ಬಂದಿದೆ ನೋಡಿ. ಸೇರಿಸುವ ಮುಂಚಿನ ನಕ್ಷೆಯನ್ನು ಬೇರೆಯಾಗಿ ಇಟ್ಟುಕೊಳ್ಳುತ್ತೇನೆಂದು ಇವಳು ಜಗಳವಾಡಿದಳು. “ಒಂದೇ ಮಾದರಿ ಅಂದ ಮೇಲೆ ಎರಡೆರಡು ಪ್ರತಿ ಯಾಕೆ?” ಎಂದು ಅವನು ಎದುರಿಗೇ ಅಳಿಸಿಹಾಕಿಸಿದ. ಅವಳದೇ ಮಾತು ಅವಳ ಕುತ್ತಿಗೆಗೆ! ಬಿಡುಗಡೆಯ ದಿನ ಚಪ್ಪಾಳೆಯೋ ಚಪ್ಪಾಳೆ. ಊರಿಡೀ ತುಂಡಿಲ್ಲದ ಹಸಿರು ಗೆರೆ. ಅದರ ಮುಂದೆ ಹಲ್ಲು ಕಿರಿದು ನಿಂತ ಮೇಲಧಿಕಾರಿಯ ಫೋಟೋ ಬೇರೆ.

ರಜೆಯ ದಿನ ಬೆಳಿಗ್ಗೆ ಯಜಮಾನರು ಇಸ್ತ್ರಿಯ ಅಂಗಿ ತೊಟ್ಟು, ಬೂಟು ಹಾಕಿ, ಬಾಗಿಲ ಹತ್ತಿರ ಕೋಲು ಬಿಡಿಸಿದರು. ಸಿಡುಕಿ ಅಡ್ಡ ನಿಂತಳು.

“ಭಾವ, ಆ ನಕ್ಷೆ ನಂಬಬೇಡಿ.”

“ನೀನೇ ಮಾಡಿದ್ದಲ್ವೇನೆ?” ಎಂದು ನಕ್ಕರು.

“ಮಾಡಿದ್ದೆ. ಹಾಳು ಮಾಡಿದ್ರು. ದಾರಿ ಇಲ್ಲದ ಕಡೇಲೂ ದಾರಿ ತೋರಿಸಿದ್ದಾರೆ.”

“ಗುಂಡಿ ಗಿಂಡಿ ಇದ್ರೆ ಕೋಲಿದೆ ಬಿಡು.”

“ಗುಂಡಿ ಅಲ್ಲ ಭಾವ. ಮೇಲ್ಸೇತುವೆಯಿಂದ ಕಾರುಗಳು ಸುಯ್ ಅಂತ ಇಳಿಯೋ ಜಾಗ ಒಂದಿದೆ. ಈಚೆಗೂ ಕಾಲುದಾರಿ, ಆಚೆಗೂ ಕಾಲುದಾರಿ. ಮಧ್ಯೆ ದಾಟೋಕೆ ಏನೂ ಇಲ್ಲ. ಅದನ್ನೂ ಸೇರಿಸಿದ್ದಾರೆ. ಫೋನು ನೇರ ನಡೀರಿ ಅನ್ನುತ್ತೆ.”

ಯಜಮಾನರ ನಗು ನಿಂತಿತು. “ಸರಿ, ಅಂಥ ಜಾಗ ಎಲ್ಲೆಲ್ಲಿದೆ ಹೇಳು. ನೆನಪಿಟ್ಕೊಳ್ತೀನಿ.”

“ನಾನು ಅಳೆದದ್ದು ಗೊತ್ತು. ನಿಮ್ಮ ಗೆಳೆಯರ ಕಡೆ ಅಳೆದೋರು ಬೇರೆ. ಸೇರಿಸಿದ ಮೇಲೆ ಯಾವುದು ನಿಜ, ಯಾವುದು ಸೇರಿಸಿದ್ದು ಅಂತ ಗೊತ್ತಾಗಲ್ಲ ಭಾವ. ಎಲ್ಲಾ ಒಂದೇ ಹಸಿರು.”

ನನಗೆ ತಡೆಯಲಾಗಲಿಲ್ಲ. “ರೀ, ನಾನೇ ಒಂದ್ಸಲ ಹೋಗಿ ನೋಡ್ಕೊಂಡು ಬರ್ಲಾ?” ಎಂದುಬಿಟ್ಟೆ.

ಅವರು ಕೋಲು ಮಡಚಿದರು. ಅಲ್ಲೇ ಕುಳಿತು ಬೂಟು ಬಿಚ್ಚಿ, ಗೆಳೆಯನಿಗೆ ಫೋನ್ ಮಾಡಿದರು.

“ಇಲ್ಲ ಕಣೋ, ಇವತ್ತಾಗಲ್ಲ. ಇವಳಿಗೆ ಬಿಡುವಾದಾಗ ಕರ್ಕೊಂಡು ಬರ್ತಾಳೆ.”