ಚಿಕ್ಕಮ್ಮ ಓದದ ಸಾಲು

ಕಂಪ್ಯೂಟರಿನಲ್ಲಿ ಏನೇ ಕೆಟ್ಟರೂ ಅವನಿಗೆ ಗೊತ್ತಿದ್ದ ಮದ್ದು ಒಂದೇ: ಆಫ್ ಮಾಡಿ ಆನ್ ಮಾಡುವುದು. ಅದಕ್ಕೇ ಮುದ್ರಣಾಲಯದವರು ಅವನಿಗೆ ‘ಸ್ವಿಚ್ಚು’ ಎಂದು ಹೆಸರಿಟ್ಟಿದ್ದರು. ಆ ಮದ್ದಿಗೇ ಸಂಬಳ ಬರುತ್ತಿದ್ದುದರಿಂದ ಅವನೂ ತಕರಾರು ತೆಗೆದಿರಲಿಲ್ಲ. ಕೆಲಸ ಕೊಡಿಸಿದ್ದು ಅವನ ಚಿಕ್ಕಮ್ಮ. ಅಲ್ಲಿ ಕರಡು ತಿದ್ದುತ್ತಲೇ ತಲೆ ನರೆಸಿಕೊಂಡವಳು.

ಈಗ ಅವಳ ಕುರ್ಚಿಗೇ ಸಂಚಕಾರ ಬಂದಿತ್ತು. ಆ ಮುದ್ರಣಾಲಯದ ಅನ್ನವೆಂದರೆ ಪಟ್ಟಿಗಳು: ಯಂತ್ರದ ಬಿಡಿಭಾಗಗಳದ್ದು, ಔಷಧಿಗಳದ್ದು. ಹೊಸ ದೊಡ್ಡ ಪರದೆಗಳು ಬಂದಮೇಲೆ ಅವಳು ತಿದ್ದಿದ ಪಟ್ಟಿಗಳಲ್ಲಿ ತಪ್ಪುಗಳು ರಾಜಾರೋಷವಾಗಿ ಅಚ್ಚಾಗತೊಡಗಿದವು.

“ಮೇಡಂ ಕಣ್ಣು ಮಂಜಾಗಿದೆ. ಪಾರ್ಸೆಲ್ ಕಟ್ಟೋ ಕಡೆ ಹಾಕಿದ್ರಾಯ್ತು,” ಎಂದರು ಮ್ಯಾನೇಜರು.

“ಈಗ್ಲೂ ಸೂಜಿಗೆ ದಾರ ಪೋಣಿಸ್ತೀನಿ ಕಣೋ,” ಎಂದಳು ಚಿಕ್ಕಮ್ಮ ಆಮೇಲೆ ಅವನ ಬಳಿ, ಎರಡನೇ ಸಲ ಬದಲಿಸಿದ ಕನ್ನಡಕ ಒರೆಸುತ್ತ. “ಪಟ್ಟಿ ಮುಂದೆ ಕೂತಾಗ ಮಾತ್ರ ಏನೋ ಮಂಕು ಬಡಿಯತ್ತೆ.”

ಅವಳು ಊಟಕ್ಕೆ ಎದ್ದಾಗ ಅವನು ಅವಳ ಜಾಗದಲ್ಲಿ ಕೂತ. ಮೊದಲು ಆಫ್ ಮಾಡಿ ಆನ್ ಮಾಡಿದ, ಕುಲಕಸುಬು ಬಿಡಲಾದೀತೆ? ತಯಾರಿಸಿದವರೇ ಮರೆತ ಹಳೆಯ ಎಡಿಟರ್ ತಂತ್ರಾಂಶ ಅದು. ಉಳಿದವರು ಪರದೆ ತುಂಬ ಒಂದೇ ಕಡತ ತೆರೆದರೆ, ಚಿಕ್ಕಮ್ಮ ಮಾತ್ರ ಪರದೆಯ ಕಿಟಕಿಯನ್ನು ಅಡ್ಡಡ್ಡ ಸೀಳಿ ಎರಡು ಮಾಡುತ್ತಿದ್ದಳು. ಮೇಲೆ ಕಾಗುಣಿತದ ನಿಯಮಗಳು, ಕೆಳಗೆ ತಿದ್ದಬೇಕಾದ ಪಟ್ಟಿ. ಅವನೂ ಹಾಗೇ ಸೀಳಿ, ಪುಟ ತಿರುಗಿಸುವ ಕೀಲಿಯನ್ನು ಮೆಲ್ಲಗೆ ಒತ್ತಿದ. ಮತ್ತೆ ಒತ್ತಿದ. ಸಾಲಿನ ಸಂಖ್ಯೆ ನೋಡಿದರೆ, ಪ್ರತಿ ಸಲವೂ ನಡುವಿನ ಒಂದು ಕಾಣೆ.

ಹೊಸ ಪರದೆಯಲ್ಲಿ ಸಾಲುಗಳು ಸಮವಾಗಿ ಪಾಲಾಗುತ್ತಿರಲಿಲ್ಲ. ಮೇಲಿನ ಕಿಟಕಿಗೆ ಒಂದು ಸಾಲು ಹೆಚ್ಚು. ಪೆದ್ದು ಎಡಿಟರ್ ಕೆಳಗಿನ ಕಿಟಕಿಯನ್ನೂ ಮೇಲಿನದರ ಅಳತೆಯಲ್ಲೇ ಸರಿಸುತ್ತಿತ್ತು. ಪ್ರತಿ ಒತ್ತಿಗೂ ಒಂದು ಸಾಲು ಯಾರ ಕಣ್ಣಿಗೂ ಬೀಳದೆ ಹಾರಿಹೋಗುತ್ತಿತ್ತು. ಕಥೆಯಾಗಿದ್ದರೆ ಸಾಲು ತಪ್ಪಿದಲ್ಲೇ ಓದುವವಳು ಎಡವುತ್ತಿದ್ದಳು. ಪಟ್ಟಿಯಲ್ಲಿ ಒಂದು ಸಾಲಿಗೂ ಮುಂದಿನದಕ್ಕೂ ಯಾವ ನೆಂಟಸ್ತಿಕೆ? ಅಚ್ಚಾದ ತಪ್ಪುಗಳನ್ನು ತಾಳೆ ನೋಡಿದ. ಒಂದೊಂದೂ ಹಾರಿದ ಸಾಲಿನದ್ದೇ.

ಜೀವಮಾನದಲ್ಲಿ ಮೊದಲ ಸಲ ಆಫ್ ಆನ್ ಮಾಡುವುದರಾಚೆ ಏನನ್ನೋ ಕಂಡುಹಿಡಿದಿದ್ದ. ಮ್ಯಾನೇಜರನ್ನು ಕರೆತಂದು ತೋರಿಸಿದ. ಅವರು ನೋಡಿದರು, ಅರ್ಥ ಮಾಡಿಕೊಂಡರು, ಬಾಗಿಲು ಹಾಕಿದರು.

“ಪರದೆ ಆರಿಸಿ ತಂದೋನು ನಾನು. ಗಿರಾಕಿಗಳಿಗೆ ಏನಂತ ಹೇಳ್ಲಿ? ಸರಿಮಾಡು. ಸದ್ದು ಮಾಡ್ಬೇಡ.”

“ಚಿಕ್ಕಮ್ಮನ ಕೆಲಸ, ಸಾರ್?”

“ಅವ್ರನ್ನ ಪಾರ್ಸೆಲಿಗೆ ಹಾಕಿದ ಆರ್ಡರ್ ಹೋಗಿಯಾಯ್ತು. ಚಿಕ್ಕಮ್ಮನ ಪರ ವಕಾಲತ್ತು ಅಂತಾರಪ್ಪ ಜನ. ನಿನ್ನ ಕೆಲಸಾನೂ ನೋಡ್ಕೋ.”

ಅವನು ನೋಡಿಕೊಂಡ. ಎರಡು ಕಿಟಕಿಗೂ ಸಮಪಾಲು ಬರುವಂತೆ ಸರಿಮಾಡಿದ. ಸಂಜೆ ಚಿಕ್ಕಮ್ಮನಿಗೆ ಗುಟ್ಟಾಗಿ ಎಲ್ಲ ಹೇಳಿದ. ಅವಳು ಅವನ ತಲೆ ಸವರಿ, “ಸಮಾಧಾನಕ್ಕೆ ಹೇಳ್ತೀಯ, ಹೇಳು,” ಎಂದಳು.

ಅವಳ ಕುರ್ಚಿಗೆ ಹೊಸ ಹುಡುಗಿ ಬಂದಳು. ಅವಳಿಗೂ ಅದೇ ಯಂತ್ರ, ಚಿಕ್ಕಮ್ಮನೇ ಕಲಿಸಿಕೊಟ್ಟ ಅದೇ ಸೀಳು ಕಿಟಕಿ. ಒಂದು ತಪ್ಪೂ ಅಚ್ಚಾಗಲಿಲ್ಲ.

“ನೋಡಿದ್ಯಾ ಸ್ವಿಚ್ಚು, ಎಳೇ ಕಣ್ಣು ಅಂದ್ರೆ ಹಂಗಿರ್ಬೇಕು!” ಎಂದ ಅಚ್ಚಿನವನು.

ಪಾರ್ಸೆಲಿಗೆ ಹುರಿ ಬಿಗಿಯುತ್ತಿದ್ದ ಚಿಕ್ಕಮ್ಮ ತಲೆಯೆತ್ತದೆ, “ಹೂಂ ಮತ್ತೆ. ನಂದು ಹೋಗಿತ್ತು ಬಿಡು,” ಎಂದಳು. ಸ್ವಿಚ್ಚು ಹುರಿಯ ಗಂಟಿಗೆ ಬೆರಳು ಒತ್ತಿ ಹಿಡಿದ. ಅಷ್ಟು ಸಹಾಯ ಮಾಡುವ ಧೈರ್ಯ ಅವನಿಗೆ ಇತ್ತು.